ಸಾಲ ಕೊಡೋ ಮುಂಚೆ ಬ್ಯಾಂಕ್ ನಿಮ್ಮ ಸಿಬಿಲ್ ರಿಪೋರ್ಟ್‌ನಲ್ಲಿ ಏನು ಓದುತ್ತೆ?

ಈ ವಾರ ಗೊಬ್ಬರ, ಕೀಟ, ರೋಗದ ಮಾತಿಲ್ಲ. ಪಹಣಿ ಸರಿ ಇದ್ದು, ಬೋರ್‌ವೆಲ್‌ನಲ್ಲಿ ನೀರಿದ್ದು, ಬೆಳೆ ಚೆನ್ನಾಗಿ ಬರ್ತಾ ಇದ್ರೂ ಬ್ಯಾಂಕಿನ ಮೇಜಿನ ಮೇಲೆ ನಮ್ಮ ಅರ್ಜಿ ನಿಂತುಹೋಗೋದು ಯಾಕೆ ಅನ್ನೋದನ್ನ ನೋಡೋಣ. ಬಹಳ ಸಲ ಕಾರಣ ಒಂದೇ ಮಾತಲ್ಲಿ ಬರುತ್ತೆ: "ನಿಮ್ಮ ಸಿಬಿಲ್ ಸರಿ ಇಲ್ಲ." ಅಷ್ಟು ಹೇಳಿ ಮುಂದಿನವರನ್ನ ಕರೀತಾರೆ. ಏನು ಸರಿ ಇಲ್ಲ, ಯಾರು ಬರೆದಿದ್ದು, ಸರಿಮಾಡೋದು ಹೇಗೆ ಅಂತ ಕೇಳೋಕೆ ಅಲ್ಲಿ ಯಾರಿಗೂ ಪುರುಸೊತ್ತಿರಲ್ಲ.

ನಮ್ಮ ವಯಸ್ಸಿನ ರೈತರಿಗೆ ಇದು ಸಣ್ಣ ವಿಷಯ ಅಲ್ಲ. ಇವತ್ತಿನ ದೊಡ್ಡ ಸಹಾಯಧನಗಳಲ್ಲಿ ಹೆಚ್ಚಿನವು ಸಾಲದ ಜೊತೆಗೇ ಬರೋದು. ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯನ್ನೇ ತಗೊಳ್ಳಿ. ಕೇಂದ್ರದ 35% ಜೊತೆ ನಮ್ಮ ರಾಜ್ಯದ 15% ಸೇರಿ ಒಟ್ಟು 50% ಸಹಾಯಧನ, ಗರಿಷ್ಠ 15 ಲಕ್ಷ ರೂಪಾಯಿ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಇದೆ. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಸಹಾಯಧನವೂ ಬ್ಯಾಂಕ್ ಸಾಲ ಮಂಜೂರಾದ ಮೇಲೆ ಸಿಗೋದು. ಅಂದ್ರೆ ಬ್ಯಾಂಕ್ "ಇಲ್ಲ" ಅಂದ್ರೆ ಸಾಲ ಮಾತ್ರ ಅಲ್ಲ, ಅದರ ಹಿಂದಿರೋ ಸಹಾಯಧನವೂ ಹೋಯ್ತು. 10 ಲಕ್ಷದ ಖಾರದಪುಡಿ ಘಟಕಕ್ಕೆ ಬರಬೇಕಾದ 5 ಲಕ್ಷ, ಎಂದೋ ಮರೆತ 12 ಸಾವಿರದ ಮೊಬೈಲ್ ಕಂತಿನಿಂದ ಕೈ ತಪ್ಪಬಹುದು.

ಸಿಬಿಲ್ ಅಂದ್ರೆ ಯಾರು?

ಸಿಬಿಲ್ ಸರ್ಕಾರಿ ಇಲಾಖೆ ಅಲ್ಲ. ಅದು 2000ನೇ ಇಸವಿಯಲ್ಲಿ ಶುರುವಾದ ಒಂದು ಕಂಪನಿ, ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕೆಲಸ ಮಾಡೋ ಇನ್ನೂ ಮೂರು ಕಂಪನಿಗಳಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಕೆಳಗೆ, ರಿಸರ್ವ್ ಬ್ಯಾಂಕ್ ಉಸ್ತುವಾರಿಯಲ್ಲಿ ನಡೆಯುತ್ತವೆ. ಜೆರಾಕ್ಸ್ ಮಾಡಿಸೋ ಯಂತ್ರಕ್ಕೆಲ್ಲ ಜೆರಾಕ್ಸ್ ಅನ್ನೋ ಹಾಗೆ, ನಾವು ನಾಲ್ಕಕ್ಕೂ ಸೇರಿಸಿ "ಸಿಬಿಲ್" ಅಂತೀವಿ.

ಇವರು ಸಾಲ ಕೊಡೋದೂ ಇಲ್ಲ, ಬೇಡ ಅನ್ನೋದೂ ಇಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಸಂಸ್ಥೆಗಳು ಕಳಿಸೋ ಲೆಕ್ಕವನ್ನ ಒಂದೇ ಕಡತದಲ್ಲಿ ಜೋಡಿಸಿ ಇಡ್ತಾರೆ. 2025ರ ಜನವರಿ 1ರಿಂದ ಸಾಲ ಕೊಡುವವರು ಈ ಮಾಹಿತಿಯನ್ನ ಕನಿಷ್ಠ 15 ದಿನಕ್ಕೊಮ್ಮೆ ಕಳಿಸಬೇಕು. ಮುಂಚೆ ತಿಂಗಳಿಗೊಮ್ಮೆ ಇತ್ತು. ಹಾಗಾಗಿ ಕಂತು ತಪ್ಪಿದ್ದೂ ಬೇಗ ಕಾಣುತ್ತೆ, ಕಟ್ಟಿದ್ದೂ ಬೇಗ ಕಾಣುತ್ತೆ.

ಜಮೀನು ಒಂದು ಕಥೆ ಹೇಳುತ್ತೆ, ರಿಪೋರ್ಟ್ ಇನ್ನೊಂದು

ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕ್ ಎರಡು ಪ್ರಶ್ನೆ ಹಾಕಿಕೊಳ್ಳುತ್ತೆ.

ಮೊದಲನೇದು, ಎಷ್ಟು ಕೊಡಬಹುದು? ಇದಕ್ಕೆ ಉತ್ತರ ಜಮೀನಿನಿಂದ ಬರುತ್ತೆ. ಕಿಸಾನ್ ಕ್ರೆಡಿಟ್ ಕಾರ್ಡ್, ಅಂದ್ರೆ ಕೆಸಿಸಿಯಲ್ಲಿ ಪ್ರತಿ ಬೆಳೆಗೂ ಎಕರೆಗೆ ಇಷ್ಟು ಖರ್ಚು ಅಂತ ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿ ಮಾಡಿರುತ್ತೆ. ಅದನ್ನ ನಿಮ್ಮ ಎಕರೆಯಿಂದ ಗುಣಿಸಿ, ಕೊಯ್ಲಿನ ನಂತರದ ಖರ್ಚು ಮತ್ತು ಮನೆ ಖರ್ಚಿಗೆ 10%, ಕೃಷಿ ಆಸ್ತಿಗಳ ನಿರ್ವಹಣೆಗೆ 20%, ಮೇಲೆ ವಿಮೆಯ ಮೊತ್ತ ಸೇರಿಸಿ ಮಿತಿ ಕಟ್ತಾರೆ. ಪಹಣಿ, ಎಫ್‌ಐಡಿ, ಬೆಳೆ ಸಮೀಕ್ಷೆ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತೆ.

ಎರಡನೇದು, ಕೊಟ್ಟರೆ ವಾಪಸ್ ಬರುತ್ತಾ? ಇದಕ್ಕೆ ಜಮೀನು ಉತ್ತರ ಹೇಳಲ್ಲ. ಹತ್ತು ಎಕರೆ ಇದ್ದೂ ಕಟ್ಟದವರಿದ್ದಾರೆ, ಒಂದೂವರೆ ಎಕರೆಯಲ್ಲಿ ಗಡುವಿಗೆ ಒಂದು ವಾರ ಮುಂಚೆ ಕಟ್ಟುವವರೂ ಇದ್ದಾರೆ. ಇಲ್ಲೇ ಕ್ರೆಡಿಟ್ ರಿಪೋರ್ಟ್ ಬರೋದು. ಅದರಲ್ಲೂ ಅಡಮಾನ ಇಲ್ಲದ ಸಾಲಕ್ಕೆ ಅದರ ತೂಕ ಜಾಸ್ತಿ. 2025ರ ಜನವರಿಯಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದೆ. ಅಡಮಾನ ಇಲ್ಲ ಅಂದಮೇಲೆ ಬ್ಯಾಂಕಿಗೆ ಹಿಡಿದುಕೊಳ್ಳೋಕೆ ಉಳಿಯೋದು ನಿಮ್ಮ ಹಳೇ ನಡವಳಿಕೆಯ ದಾಖಲೆ ಒಂದೇ.

ಸ್ಕೋರ್ ಒಂದೇ ನೋಡಿ ನಿರ್ಧಾರ ಮಾಡಲ್ಲ

ಸ್ಕೋರ್ 300ರಿಂದ 900ರ ತನಕ ಇರುತ್ತೆ. ಹೆಚ್ಚಿದ್ದಷ್ಟೂ ಒಳ್ಳೇದು. ಆದ್ರೆ ಸ್ಕೋರ್ ಅನ್ನೋದು ಮಣ್ಣು ಪರೀಕ್ಷೆ ವರದಿಯ ರಸಸಾರ ಇದ್ದ ಹಾಗೆ. ಅದೊಂದನ್ನೇ ನೋಡಿ ಯಾರೂ ಗೊಬ್ಬರ ಶಿಫಾರಸು ಮಾಡಲ್ಲ, ಪೂರ್ತಿ ಹಾಳೆ ಓದಬೇಕು. ಸಾಲಕ್ಕೆ ಇಷ್ಟೇ ಕನಿಷ್ಠ ಸ್ಕೋರ್ ಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ನಿಗದಿ ಮಾಡಿಲ್ಲ. ಅದು ಆಯಾ ಬ್ಯಾಂಕಿನ ನೀತಿ. ಒಂದು ಕಡೆ ಆಗದ ಅರ್ಜಿ ಇನ್ನೊಂದು ಕಡೆ ಆಗೋದು ಇದಕ್ಕೇ.

ಬ್ಯಾಂಕಿನವರು ರಿಪೋರ್ಟ್ ತೆರೆದಾಗ ಕಣ್ಣು ಓಡಿಸೋ ಜಾಗಗಳು ಇವು.

1. ಇವರು ಅವರೇನಾ? ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ವಿಳಾಸ, ಮೊಬೈಲ್ ನಂಬರ್. ನಮ್ಮ ಕಡೆ ತೊಂದರೆ ಇಲ್ಲಿಂದಲೇ ಶುರು. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತೆ, ಪ್ಯಾನ್‌ನಲ್ಲಿ ಬರೀ ಇನಿಷಿಯಲ್, ಪಹಣಿಯಲ್ಲಿ "ಬಿನ್" ಹಾಕಿ ಇನ್ನೊಂದು ರೀತಿ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರ್ತಾರೆ. ಬೇರೆಯವರ ಸಾಲ ನಿಮ್ಮ ಕಡತಕ್ಕೆ ಸೇರಿಕೊಳ್ಳೋದು, ಇಲ್ಲ ನಿಮ್ಮದೇ ಕಡತ ಎರಡು ಹೋಳಾಗೋದು, ಹೀಗೇ ಆಗೋದು.

2. ಈಗ ಎಷ್ಟು ಸಾಲ ನಡೀತಾ ಇದೆ? ಕೆಸಿಸಿ, ಟ್ರ್ಯಾಕ್ಟರ್, ಬೈಕ್, ಚಿನ್ನದ ಸಾಲ, ಮೊಬೈಲ್ ಆಪ್‌ನಲ್ಲಿ ತಗೊಂಡ 5 ಸಾವಿರ, ಎಲ್ಲವೂ ಬೇರೆ ಬೇರೆ ಖಾತೆಯಾಗಿ ಕಾಣುತ್ತೆ. ಆಪ್ ಮೂಲಕ ಕೊಟ್ಟ ಸಾಲವನ್ನೂ ಕ್ರೆಡಿಟ್ ಕಂಪನಿಗಳಿಗೆ ತಿಳಿಸಬೇಕು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ನಿಯಮ ತಂದಿದೆ. "ಅದು ಚಿಲ್ಲರೆ ಸಾಲ, ಲೆಕ್ಕಕ್ಕಿಲ್ಲ" ಅಂತ ಅಂದುಕೊಳ್ಳಬೇಡಿ.

3. ಕಂತು ಹೇಗೆ ಕಟ್ಟಿದ್ದಾರೆ? ಪ್ರತಿ ಖಾತೆಯ ಕೆಳಗೆ ತಿಂಗಳವಾರು ಮೂರಂಕಿಯ ಸಾಲು ಇರುತ್ತೆ, 36 ತಿಂಗಳ ತನಕ. 000 ಅಂದ್ರೆ ಬಾಕಿ ಇಲ್ಲ. 030 ಅಂದ್ರೆ ಗಡುವು ಮೀರಿ 30 ದಿನ ಆಗಿದೆ. ಎಕ್ಸ್‌ಎಕ್ಸ್‌ಎಕ್ಸ್ ಅಂತಿದ್ರೆ ಆ ತಿಂಗಳ ಮಾಹಿತಿಯನ್ನ ಬ್ಯಾಂಕ್ ಕಳಿಸಿಲ್ಲ ಅಂತ ಅಷ್ಟೇ, ಅದು ನಿಮ್ಮ ತಪ್ಪಲ್ಲ. ಸ್ಕೋರ್‌ಗಿಂತ ಮುಂಚೆ ಈ ಸಾಲನ್ನ ನೋಡುವ ಮ್ಯಾನೇಜರ್‌ಗಳಿದ್ದಾರೆ. ಎರಡು ವರ್ಷದ ಹಿಂದೆ ಒಂದೆರಡು ಕಡೆ 025 ಇದ್ದು ಆಮೇಲೆ ಎಲ್ಲ 000 ಇದ್ರೆ, ಬೆಳೆ ಕೈಕೊಟ್ಟಾಗ ತಡವಾಗಿತ್ತು, ಸುಧಾರಿಸಿಕೊಂಡಿದ್ದಾರೆ ಅಂತ ಅರ್ಥವಾಗುತ್ತೆ. ಇತ್ತೀಚಿನ ತಿಂಗಳುಗಳಲ್ಲಿ 030, 060, 090 ಅಂತ ಏರ್ತಾ ಇದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ.

4. ಖಾತೆ ಮುಚ್ಚಿದ್ದು ಹೇಗೆ? "ಕ್ಲೋಸ್ಡ್" ಅಂದ್ರೆ ಪೂರ್ತಿ ಚುಕ್ತಾ. "ಸೆಟಲ್ಡ್" ಅಂದ್ರೆ ಅಷ್ಟೋ ಇಷ್ಟೋ ಕಟ್ಟಿ ರಾಜಿ ಆಗಿದ್ದು. "ರಿಟನ್ ಆಫ್" ಅಂದ್ರೆ ಬರಲ್ಲ ಅಂತ ಬ್ಯಾಂಕ್ ತನ್ನ ಪುಸ್ತಕದಲ್ಲಿ ತೆಗೆದಿಟ್ಟಿದ್ದು. ಇದರ ಬಗ್ಗೆ ಮುಂದೆ ಬರೀತೀನಿ.

5. ಎಷ್ಟು ಕಡೆ ಕೈ ಚಾಚಿದ್ದಾರೆ? ನೀವು ಅರ್ಜಿ ಹಾಕಿದಾಗಲೆಲ್ಲ ಆ ಸಂಸ್ಥೆ ನಿಮ್ಮ ರಿಪೋರ್ಟ್ ತರಿಸುತ್ತೆ, ಅದರ ದಿನಾಂಕ ದಾಖಲಾಗುತ್ತೆ. ಒಂದೇ ತಿಂಗಳಲ್ಲಿ ಐದಾರು ಕಡೆ ವಿಚಾರಿಸಿದ್ರೆ "ಎಲ್ಲೂ ಸಿಗದೆ ಓಡಾಡ್ತಾ ಇದ್ದಾರೆ" ಅಂತ ಓದಿಕೊಳ್ತಾರೆ. ಟ್ರ್ಯಾಕ್ಟರ್ ಶೋರೂಮ್‌ನಲ್ಲಿ "ನಾಲ್ಕು ಫೈನಾನ್ಸ್‌ಗೆ ಹಾಕಿ ನೋಡೋಣ, ಯಾವುದಾದ್ರೂ ಆಗುತ್ತೆ" ಅಂದಾಗ ಬೇಡ ಅನ್ನಿ. ಬಡ್ಡಿ ದರವನ್ನ ಮೊದಲು ಬಾಯಿಮಾತಲ್ಲಿ ಕೇಳಿ, ಒಂದು ಕಡೆ ಮಾತ್ರ ಅರ್ಜಿ ಹಾಕಿ. ನಿಮ್ಮ ರಿಪೋರ್ಟನ್ನ ನೀವೇ ನೋಡಿಕೊಂಡ್ರೆ ಸ್ಕೋರ್ ಇಳಿಯಲ್ಲ, ಎಷ್ಟು ಸಲ ಬೇಕಾದ್ರೂ ನೋಡಬಹುದು.

ಲೆಕ್ಕ ಹೀಗೆ ಹಾಕ್ತಾರೆ

ಒಂದು ಉದಾಹರಣೆ ಇಟ್ಕೊಳ್ಳೋಣ. ಮೂರು ಎಕರೆ ತರಕಾರಿ, ಖರ್ಚು ಕಳೆದು ವರ್ಷಕ್ಕೆ 3.6 ಲಕ್ಷ ಉಳಿಯುತ್ತೆ. ಬೈಕ್ ಕಂತು ತಿಂಗಳಿಗೆ 3,200, ವರ್ಷಕ್ಕೆ 38,400. ಮೊಬೈಲ್ ಕಂತು 1,500, ವರ್ಷಕ್ಕೆ 18,000. ಕೆಸಿಸಿ ಬಡ್ಡಿ 8,000. ಈಗ ಒಂದು ಸಣ್ಣ ಘಟಕಕ್ಕೆ 5 ಲಕ್ಷ ಸಾಲ ಬೇಕು. 11% ಬಡ್ಡಿ, 5 ವರ್ಷ ಅಂದ್ರೆ ತಿಂಗಳ ಕಂತು ಸುಮಾರು 10,870, ವರ್ಷಕ್ಕೆ ಸುಮಾರು 1,30,450.

ಎಲ್ಲ ಕೂಡಿಸಿದ್ರೆ ವರ್ಷಕ್ಕೆ 1,94,850. ಆದಾಯದ 54% ಕಂತಿಗೇ ಹೋಯ್ತು. ಬೆಲೆ ಬಿದ್ದ ವರ್ಷ ಇವರು ಕಟ್ಟಲಾರರು ಅಂತ ಬ್ಯಾಂಕಿಗೆ ಅನ್ನಿಸಿದ್ರೆ ತಪ್ಪು ಹೇಳೋ ಹಾಗಿಲ್ಲ. ಅದೇ ಬೈಕ್, ಮೊಬೈಲ್ ಕಂತು ಮುಗಿಸಿ ಆರು ತಿಂಗಳು ಬಿಟ್ಟು ಅರ್ಜಿ ಹಾಕಿದ್ರೆ ಒಟ್ಟು 1,38,450, ಅಂದ್ರೆ 38% ಚಿಲ್ಲರೆ. ಜಮೀನು ಅದೇ, ಬೆಳೆ ಅದೇ, ಹುಡುಗನೂ ಅದೇ. ಕಾಗದದ ಮೇಲಿನ ಚಿತ್ರ ಮಾತ್ರ ಬದಲಾಯ್ತು.

ಮೈಕ್ರೋಫೈನಾನ್ಸ್‌ನಲ್ಲಿ ಈ ಲೆಕ್ಕ ನಿಯಮದಲ್ಲೇ ಇದೆ. 2022ರ ಏಪ್ರಿಲ್‌ನಿಂದ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಕುಟುಂಬಕ್ಕೆ ಈ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ 50% ಮೀರಬಾರದು. ಇಲ್ಲಿ ನೋಡೋದು ಇಡೀ ಕುಟುಂಬವನ್ನ. ಅಮ್ಮ ಒಂದು ಗುಂಪಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ವಾರದ ಕಂತು ಕಟ್ತಾ ಇದ್ರೆ ಎರಡನ್ನೂ ಕೂಡಿಸಬೇಕು. ಬಲವಂತದ ವಸೂಲಿ ತಡೆಯೋಕೆ 2025ರಲ್ಲಿ ನಮ್ಮ ರಾಜ್ಯ ಕಾನೂನು ತಂದಿದೆ, ನಿಜ. ಹಾಗಂತ ನೋಂದಾಯಿತ ಸಂಸ್ಥೆಯಲ್ಲಿ ತಪ್ಪಿದ ಕಂತು ರಿಪೋರ್ಟ್‌ನಿಂದ ಅಳಿಸಿ ಹೋಗಲ್ಲ.

ಕೆಸಿಸಿಯ ಗಡುವು ಮತ್ತು ಮನ್ನಾದ ಆಸೆ

ಕೆಸಿಸಿಯಲ್ಲಿ 3 ಲಕ್ಷದವರೆಗೆ 7% ಬಡ್ಡಿ. ಗಡುವಿನೊಳಗೆ ಕಟ್ಟಿದ್ರೆ ಇನ್ನೂ 3% ಬಿಟ್ಟು 4% ಆಗುತ್ತೆ. 2 ಲಕ್ಷಕ್ಕೆ ವರ್ಷಕ್ಕೆ 14,000 ಕಟ್ಟೋ ಜಾಗದಲ್ಲಿ 8,000. ನಮ್ಮ ಸಹಕಾರ ಸಂಘ, ಡಿಸಿಸಿ ಬ್ಯಾಂಕ್‌ಗಳಲ್ಲಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ, 2023ರ ಬಜೆಟ್‌ನಲ್ಲಿ ಆ ಮಿತಿಯನ್ನ 5 ಲಕ್ಷಕ್ಕೆ ಏರಿಸಿದ್ರು. ಆದ್ರೆ ಎಲ್ಲದಕ್ಕೂ ಷರತ್ತು ಒಂದೇ: ಗಡುವಿನೊಳಗೆ ಕಟ್ಟಬೇಕು. ಸುಸ್ತಿ ಆದ ದಿನ ರಿಯಾಯಿತಿ ಹೋಯ್ತು.

"ಬೆಳೆ ಸಾಲ ಎರಡು ಹಂಗಾಮು ತನಕ ಏನೂ ಆಗಲ್ಲ" ಅಂತ ಕಟ್ಟೆಯ ಮೇಲೆ ಹೇಳೋರು ಇರ್ತಾರೆ. ಅರ್ಧ ಸತ್ಯ. ಅಲ್ಪಾವಧಿ ಬೆಳೆಯ ಸಾಲ ಎರಡು ಬೆಳೆ ಹಂಗಾಮು ಬಾಕಿ ಉಳಿದ ಮೇಲೆ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬೆಳೆಯದು ಒಂದು ಹಂಗಾಮು ಬಾಕಿ ಉಳಿದ ಮೇಲೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ ಅಂತ ಆಗುತ್ತೆ. ಬೈಕ್, ಪರ್ಸನಲ್ ಲೋನ್‌ಗೆ ಈ ರಿಯಾಯಿತಿ ಇಲ್ಲ, 90 ದಿನ ಮೀರಿದ್ರೆ ಮುಗೀತು. ಆದ್ರೆ ಎನ್‌ಪಿಎ ಆಗೋದು ಬೇರೆ, ಬಾಕಿ ದಾಖಲಾಗೋದು ಬೇರೆ. ಬ್ಯಾಂಕ್ ಎನ್‌ಪಿಎ ಅನ್ನೋ ಮುಂಚೆಯೇ ಬಾಕಿ ಮೊತ್ತ ನಿಮ್ಮ ರಿಪೋರ್ಟ್‌ನಲ್ಲಿ ಕೂತಿರಬಹುದು.

ಮನ್ನಾ ಕಾಯೋದೂ ಹೀಗೇ. 2018ರಲ್ಲಿ ರಾಜ್ಯ ಸರ್ಕಾರ ವಾಣಿಜ್ಯ ಬ್ಯಾಂಕ್‌ಗಳ ಬೆಳೆ ಸಾಲದಲ್ಲಿ 2 ಲಕ್ಷದವರೆಗೆ, ಸಹಕಾರ ಸಂಘಗಳದ್ದು 1 ಲಕ್ಷದವರೆಗೆ ಮನ್ನಾ ಘೋಷಿಸಿತು. ಅದರಿಂದ ಉಸಿರಾಡಿದ ಮನೆಗಳು ಬಹಳ ಇವೆ, ಅದನ್ನ ಹಗುರವಾಗಿ ಮಾತಾಡಲ್ಲ. ಆದ್ರೆ "ಮುಂದಿನ ಚುನಾವಣೆಗೆ ಮತ್ತೆ ಆಗುತ್ತೆ" ಅಂತ ಕಟ್ಟೋ ಶಕ್ತಿ ಇದ್ದೂ ಕೂತರೆ, ಮನ್ನಾ ಬರುತ್ತೋ ಇಲ್ಲವೋ, ಬಾಕಿಯ ದಾಖಲೆ ಮಾತ್ರ ಖಂಡಿತ ಬರುತ್ತೆ. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನ ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು. 25ರಲ್ಲಿ ಮಾಡಿಕೊಂಡ ಸುಸ್ತಿ 30 ದಾಟಿದ ಮೇಲೂ ಬೆನ್ನ ಹಿಂದೆ ಇರುತ್ತೆ.

ನಿಜವಾಗ್ಲೂ ಬರ, ನೆರೆ ಬಂದು ಬೆಳೆ ಹೋಗಿದ್ರೆ ಸುಮ್ಮನೆ ಮನೆಯಲ್ಲಿ ಕೂರಬೇಡಿ. ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದಾಗ ಬೆಳೆ ಸಾಲವನ್ನ ಅವಧಿ ಸಾಲವಾಗಿ ಮಾರ್ಪಡಿಸಿ ಕಂತು ಮುಂದೂಡೋಕೆ ಅವಕಾಶ ಇರುತ್ತೆ. ಗಡುವಿಗೆ ಮುಂಚೆಯೇ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕೇಳದವರಿಗೆ ಅದು ತಾನಾಗಿ ಸಿಗುತ್ತೆ ಅಂತ ನಂಬಬೇಡಿ.

"ಸೆಟಲ್‌ಮೆಂಟ್ ಮಾಡ್ಕೊಳ್ಳಿ" ಅಂದಾಗ

ಬಡ್ಡಿ ಸೇರಿ 1 ಲಕ್ಷ ಬಾಕಿ ಇದೆ, ಬ್ಯಾಂಕಿನವರು ಫೋನ್ ಮಾಡಿ "60 ಸಾವಿರ ಕಟ್ಟಿ ಮುಗಿಸಿ" ಅಂತಾರೆ. ಕೇಳೋಕೆ ಲಾಭ. ಆದ್ರೆ ರಿಪೋರ್ಟ್‌ನಲ್ಲಿ ಅದು "ಕ್ಲೋಸ್ಡ್" ಆಗಲ್ಲ, "ಸೆಟಲ್ಡ್" ಅಂತ ಕೂರುತ್ತೆ. ಮುಂದಿನ ಬ್ಯಾಂಕ್ ಅದನ್ನ "ಪೂರ್ತಿ ಕಟ್ಟಲಿಲ್ಲ" ಅಂತಲೇ ಓದೋದು. ಮುಂದೆ ಸಾಲವೇ ಬೇಡ, ಇದರಿಂದ ಹೊರಬಂದ್ರೆ ಸಾಕು ಅನ್ನೋ ಸ್ಥಿತಿಯಲ್ಲಿರುವವರಿಗೆ ಸೆಟಲ್‌ಮೆಂಟ್ ಸರಿ. ಎರಡು ವರ್ಷದಲ್ಲಿ ಪಾಲಿಹೌಸ್ ಹಾಕೋ ಯೋಚನೆ ಇದ್ರೆ, ಸಾಧ್ಯವಾದಷ್ಟೂ ಪೂರ್ತಿ ಕಟ್ಟಿ ಮುಗಿಸಿ. ಈಗಾಗಲೇ ಸೆಟಲ್ ಆಗಿದ್ರೆ, ಉಳಿದ ಮೊತ್ತ ಕಟ್ಟಿದ್ರೆ "ಕ್ಲೋಸ್ಡ್" ಅಂತ ತಿದ್ದಿ ಕಳಿಸ್ತೀರಾ ಅಂತ ಬ್ಯಾಂಕಿಗೆ ಲಿಖಿತವಾಗಿ ಕೇಳಿ, ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ದುಡ್ಡು ಕಟ್ಟಿ.

"ರಿಟನ್ ಆಫ್" ಅನ್ನೋದನ್ನ ಮನ್ನಾ ಅಂತ ತಿಳಿದವರೂ ಇದ್ದಾರೆ. ಅದು ಮನ್ನಾ ಅಲ್ಲ. ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆದಿಟ್ಟಿದೆ, ನಿಮ್ಮ ತಲೆಯ ಮೇಲಿಂದ ಅಲ್ಲ. ವಸೂಲಿ ಮಾಡೋ ಹಕ್ಕು ಹಾಗೇ ಇರುತ್ತೆ.

ಜಾಮೀನು, ಅಪ್ಪನ ಸಾಲ, ಸೊಸೈಟಿ ಸಾಲ

ಮಾವನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಆ ಸಾಲ ನಿಮ್ಮ ರಿಪೋರ್ಟ್‌ನಲ್ಲೂ ಇದೆ, ನೀವು ಜಾಮೀನುದಾರ ಅನ್ನೋ ಗುರುತಿನೊಂದಿಗೆ. ಅವನು ಕಂತು ತಪ್ಪಿಸಿದ್ರೆ ನಿಮ್ಮ ಅರ್ಜಿಗೂ ಪೆಟ್ಟು. ಜಾಮೀನು ಹಾಕಬೇಡಿ ಅಂತ ಹೇಳೋಕಾಗಲ್ಲ, ಊರಲ್ಲಿ ಬದುಕಬೇಕಲ್ಲ. ಆದ್ರೆ ಹಾಕಿದ ಮೇಲೆ ಆರು ತಿಂಗಳಿಗೊಮ್ಮೆ "ಕಂತು ಕಟ್ಟಿದ್ಯೇನಪ್ಪ, ರಸೀದಿ ತೋರಿಸು" ಅಂತ ಕೇಳೋಕೆ ಮುಲಾಜು ಬೇಡ.

ಅಪ್ಪನ ಸಾಲ ಮಗನ ರಿಪೋರ್ಟ್‌ಗೆ ಬರಲ್ಲ, ಮಗ ಸಹ-ಸಾಲಗಾರನಾಗಿಯೋ ಜಾಮೀನುದಾರನಾಗಿಯೋ ಸಹಿ ಮಾಡಿದ್ರೆ ಮಾತ್ರ ಬರುತ್ತೆ. ಆದ್ರೆ ಜಮೀನಿನ ಮೇಲಿನ ಋಣ ಪಹಣಿಯ 11ನೇ ಕಾಲಂನಲ್ಲಿ ಕೂತಿರುತ್ತೆ. ಪೌತಿ ಖಾತೆ ಆಗಿ ಜಮೀನು ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಆ ಋಣ ಇಳಿಯಲ್ಲ. ಹಾಗಾಗಿ ನಿಮ್ಮ ಸ್ಕೋರ್ ಚೆನ್ನಾಗಿದ್ದೂ ಪಹಣಿ ನೋಡಿ ಬ್ಯಾಂಕ್ ನಿಲ್ಲಿಸಬಹುದು.

ಸೊಸೈಟಿಯ ಸಾಲ ಎಲ್ಲ ಕಡೆ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣುತ್ತೆ ಅಂತ ಇಲ್ಲ. ಇದು ಎರಡು ಅಲಗಿನ ಕುಡುಗೋಲು. ಸೊಸೈಟಿಗೆ ಹತ್ತು ವರ್ಷ ಸರಿಯಾಗಿ ಕಟ್ಟಿದ್ರೂ ವಾಣಿಜ್ಯ ಬ್ಯಾಂಕಿಗೆ ನೀವು ಹೊಸಬರಾಗಿ ಕಾಣಬಹುದು. ಆಗ ಸೊಸೈಟಿಯಿಂದ ಸಾಲದ ಖಾತೆಯ ಲೆಡ್ಜರ್ ಪ್ರತಿ ಮತ್ತು ಬೇಬಾಕಿ ಪ್ರಮಾಣಪತ್ರ ತಗೊಂಡು ಅರ್ಜಿಯ ಜೊತೆ ಇಡಿ.

ಸಾಲವನ್ನೇ ಮಾಡಿಲ್ಲ, ಆದರೂ ಸಾಲ ಇಲ್ವಂತೆ!

ಇದು ಯುವ ರೈತರ ದೊಡ್ಡ ದೂರು. ಸಾಲದ ಚರಿತ್ರೆಯೇ ಇಲ್ಲದವರ ರಿಪೋರ್ಟ್‌ನಲ್ಲಿ ಸ್ಕೋರ್ ಜಾಗದಲ್ಲಿ -1 ಅಥವಾ ಎನ್‌ಎಚ್ ಅಂತ ಇರುತ್ತೆ. ಅದು ಕೆಟ್ಟ ಸ್ಕೋರ್ ಅಲ್ಲ, ಖಾಲಿ ಹಾಳೆ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನ ಚರಿತ್ರೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕಿನ 2025ರ ಜನವರಿ 6ರ ನಿರ್ದೇಶನ ಹೇಳುತ್ತೆ. ಕೇಂದ್ರ ಸರ್ಕಾರ ಸಂಸತ್ತಿನಲ್ಲೂ ಇದನ್ನೇ ಹೇಳಿದೆ. ಶಾಖೆಯಲ್ಲಿ ಇದನ್ನ ವಿನಯವಾಗಿ, ದಿನಾಂಕದ ಸಮೇತ ಹೇಳಿ. ಹಾಗಂತ ಸಾಲ ಕೊಡಲೇಬೇಕು ಅಂತ ಅರ್ಥ ಅಲ್ಲ. ಆದಾಯ, ಜಮೀನು, ಯೋಜನೆ ನೋಡೋ ಹಕ್ಕು ಬ್ಯಾಂಕಿಗೆ ಇದ್ದೇ ಇದೆ.

ಖಾಲಿ ಹಾಳೆ ತುಂಬೋಕೆ ದೊಡ್ಡ ಸಾಲ ಬೇಕಿಲ್ಲ. ನಿಮ್ಮ ಹೆಸರಲ್ಲಿ ಪಹಣಿ ಇದ್ರೆ ಸಣ್ಣ ಕೆಸಿಸಿ ಮಾಡಿಸಿ, ಗಡುವಿನೊಳಗೆ ಕಟ್ಟಿ. ಇಲ್ಲ ಬ್ಯಾಂಕಿನಲ್ಲಿ ಸಣ್ಣ ಚಿನ್ನದ ಸಾಲ ತಗೊಂಡು ಸಮಯಕ್ಕೆ ಬಿಡಿಸಿಕೊಳ್ಳಿ. ನಿಜವಾದ ಕೃಷಿ ಖರ್ಚಿಗೆ ಹೇಗೂ ದುಡ್ಡು ಬೇಕಿದ್ರೆ ಮಾತ್ರ. ಸ್ಕೋರ್‌ಗೋಸ್ಕರ ಸಾಲ ಮಾಡಿ ಬಡ್ಡಿ ಕಟ್ಟೋದು ಬುದ್ಧಿವಂತಿಕೆ ಅಲ್ಲ.

ರಿಪೋರ್ಟ್ ತರಿಸಿ, ತಪ್ಪಿದ್ರೆ ತಿದ್ದಿಸಿ

ಫೋನ್ ಕೈಯಲ್ಲಿದೆ, ಈ ಕೆಲಸಕ್ಕೆ ಅರ್ಧ ಗಂಟೆ ಸಾಕು.

- ನಾಲ್ಕು ಕಂಪನಿಗಳೂ ವರ್ಷಕ್ಕೆ ಒಂದು ಪೂರ್ಣ ರಿಪೋರ್ಟನ್ನ ಉಚಿತವಾಗಿ ಕೊಡಬೇಕು. 2017ರಿಂದ ಈ ನಿಯಮ ಇದೆ. ಕಂಪನಿಯ ಸ್ವಂತ ವೆಬ್‌ಸೈಟ್‌ಗೆ ಹೋಗಿ. ತಿಂಗಳ ಪ್ಲಾನ್ ತೋರಿಸ್ತಾರೆ, ಅದನ್ನ ಬಿಟ್ಟು ಉಚಿತ ವಾರ್ಷಿಕ ರಿಪೋರ್ಟ್ ಆಯ್ಕೆ ಮಾಡಿ. ಮೂರು ಮೂರು ತಿಂಗಳಿಗೆ ಒಂದೊಂದು ಕಂಪನಿಯಿಂದ ತರಿಸಿದ್ರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತೆ.
- ಸೈಬರ್ ಸೆಂಟರ್‌ನಲ್ಲಿ ಮಾಡಿಸೋದಾದ್ರೆ ಒಟಿಪಿ ನೀವೇ ಟೈಪ್ ಮಾಡಿ, ಡೌನ್‌ಲೋಡ್ ಆದ ಫೈಲ್ ಅಳಿಸಿಸಿ.
- ಪ್ರತಿ ಖಾತೆಯ ಮುಂದೆ ಮೂರು ಪ್ರಶ್ನೆ ಹಾಕಿ: ಇದು ನನ್ನದಾ? ಬಾಕಿ ಮೊತ್ತ ಸರಿ ಇದೆಯಾ? ಚುಕ್ತಾ ಆಗಿದ್ದು ಕ್ಲೋಸ್ಡ್ ಅಂತ ಬಂದಿದೆಯಾ?
- ತಪ್ಪಿದ್ರೆ ಕ್ರೆಡಿಟ್ ಕಂಪನಿಯ ವೆಬ್‌ಸೈಟ್‌ನಲ್ಲೇ ದೂರು ದಾಖಲಿಸಿ, ಸಾಲ ಕೊಟ್ಟ ಬ್ಯಾಂಕಿಗೂ ರಸೀದಿ ಲಗತ್ತಿಸಿ ಬರೀರಿ. ಬ್ಯಾಂಕಿಗೆ 21 ದಿನ, ಒಟ್ಟು ಪರಿಹಾರಕ್ಕೆ 30 ದಿನ ಸಮಯ. ಅದು ಮೀರಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು. ಈ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ.
- ಅಲ್ಲೂ ಆಗದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ ಸಹಾಯವಾಣಿ 14448.
- ಯಾರಾದ್ರೂ ನಿಮ್ಮ ರಿಪೋರ್ಟ್ ತರಿಸಿದ್ರೆ ನಿಮಗೆ ಎಸ್‌ಎಂಎಸ್ ಇಲ್ಲವೇ ಇಮೇಲ್ ಬರಬೇಕು. ಅರ್ಜಿ ಹಾಕದೇ ಬಂದ್ರೆ ಎಚ್ಚರ, ನಿಮ್ಮ ಹೆಸರಲ್ಲಿ ಬೇರೆ ಯಾರೋ ಸಾಲ ಕೇಳ್ತಾ ಇರಬಹುದು. ಹಳೇ ನಂಬರ್ ಬದಲಾಗಿದ್ರೆ ಬ್ಯಾಂಕಿನಲ್ಲಿ ಹೊಸ ನಂಬರ್ ಹಾಕಿಸಿ.

"ಮೂರು ಸಾವಿರ ಕೊಡಿ, ಸಿಬಿಲ್ 800 ಮಾಡಿಸಿಕೊಡ್ತೀವಿ" ಅನ್ನೋ ಜಾಹೀರಾತು ಮೊಬೈಲ್‌ನಲ್ಲಿ ಬರ್ತಾನೇ ಇರುತ್ತೆ. ತಪ್ಪು ಮಾಹಿತಿಯನ್ನ ನೀವೇ ಪುಕ್ಕಟೆ ತಿದ್ದಿಸಬಹುದು. ಸರಿಯಾದ ಮಾಹಿತಿಯನ್ನ ಯಾರೂ ಅಳಿಸೋಕಾಗಲ್ಲ. ನಡುವೆ ಆ ಮೂರು ಸಾವಿರಕ್ಕೆ ಕೆಲಸವೇ ಇಲ್ಲ.

ಹೊಸ ಸಾಲಕ್ಕೆ ಹೋಗೋ ಆರು ತಿಂಗಳ ಮುಂಚೆ

ತೋಟ ಹಾಕೋ ಮುಂಚೆ ಗುಂಡಿ ತೆಗೆದು ಬಿಸಿಲಿಗೆ ಬಿಡ್ತೀವಲ್ಲ, ಹಾಗೇ ಸಾಲಕ್ಕೂ ತಯಾರಿ ಬೇಕು. ರಿಪೋರ್ಟ್ ತರಿಸಿ ತಪ್ಪು ತಿದ್ದಿಸಿ. ಸಣ್ಣ ಸಣ್ಣ ಕಂತುಗಳನ್ನ ಮೊದಲು ಮುಗಿಸಿ. ಕಂತು ಕಡಿತವಾಗೋ ಖಾತೆಯಲ್ಲಿ ಹಿಂದಿನ ದಿನವೇ ದುಡ್ಡು ಇರಲಿ, ದುಡ್ಡಿಲ್ಲದೆ ವಾಪಸ್ ಆದ ಕಂತೂ ತಡವಾದ ಕಂತೇ. ಆಧಾರ್, ಪ್ಯಾನ್, ಪಹಣಿಯಲ್ಲಿ ಹೆಸರು ಒಂದೇ ತರಹ ಮಾಡಿಸಿ.

ಇನ್ನೊಂದು ಮುಖ್ಯ ಮಾತು. ಟ್ರ್ಯಾಕ್ಟರ್, ತೋಟದ ಅಭಿವೃದ್ಧಿ ಸಾಲ ಮಾಡುವಾಗ ಕಂತು ತಿಂಗಳಿಗಾ, ಆರು ತಿಂಗಳಿಗಾ, ವರ್ಷಕ್ಕಾ ಅಂತ ಸಹಿ ಹಾಕೋ ಮುಂಚೆಯೇ ಕೇಳಿ. ಅಡಿಕೆ, ಮಾವು, ದ್ರಾಕ್ಷಿ ಬೆಳೆಯುವವರ ಕೈಗೆ ದುಡ್ಡು ತಿಂಗಳಿಗೊಮ್ಮೆ ಬರಲ್ಲ. ದುಡ್ಡು ಬರೋ ತಿಂಗಳಿಗೆ ಕಂತು ಹೊಂದಿಸಿಕೊಂಡ್ರೆ ತಪ್ಪೋ ಸಾಧ್ಯತೆ ಅರ್ಧ ಕಡಿಮೆ ಆಯ್ತು. ಒಟ್ಟು ಬಡ್ಡಿ, ಶುಲ್ಕ, ಕಂತಿನ ವಿವರ ಇರೋ ಒಂದು ಹಾಳೆಯನ್ನ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತಾರೆ, ಅವಧಿ ಸಾಲಕ್ಕೆ ಬ್ಯಾಂಕ್ ಕೊಡಬೇಕು. ಅದನ್ನ ಓದಿ, ಮನೆಯಲ್ಲಿ ತೋರಿಸಿ, ಆಮೇಲೆ ಸಹಿ.

ಸಾಲ ತೀರಿದ ದಿನ ಕೆಲಸ ಮುಗೀಲಿಲ್ಲ. ಬೇಬಾಕಿ ಪತ್ರ ತಗೊಳ್ಳಿ, ಪಹಣಿಯಲ್ಲಿ ಋಣ ತೆಗೆಸಿ. ಆಸ್ತಿಯ ಮೂಲ ದಾಖಲೆ ಕೊಟ್ಟಿದ್ರೆ 30 ದಿನದೊಳಗೆ ವಾಪಸ್ ಬರಬೇಕು, ಬ್ಯಾಂಕಿನಿಂದಲೇ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ. ಒಂದು ತಿಂಗಳು ಬಿಟ್ಟು ರಿಪೋರ್ಟ್‌ನಲ್ಲಿ ಖಾತೆ "ಕ್ಲೋಸ್ಡ್", ಬಾಕಿ ಸೊನ್ನೆ ಅಂತ ಬಂದಿದೆಯಾ ನೋಡಿ.

ಮುಂದಿನ ಸಲ ಶಾಖೆಯಲ್ಲಿ "ಸಿಬಿಲ್ ಸರಿ ಇಲ್ಲ" ಅಂದ್ರೆ ಎದ್ದು ಬರಬೇಡಿ. "ಯಾವ ಖಾತೆ, ಯಾವ ತಿಂಗಳು, ಎಷ್ಟು ದಿನ ಬಾಕಿ ಅಂತಿದೆ ಸಾರ್?" ಅಂತ ಕೇಳಿ. ನಿಮ್ಮ ಕೈಯಲ್ಲೂ ಅದೇ ರಿಪೋರ್ಟ್ ಇದ್ರೆ ಮಾತು ಬೇರೆಯೇ ಆಗುತ್ತೆ.